ಕುಳ್ಳಿಯ ಕೆಂಪು ಕಾಲು

ಬದುಕಿದ್ದಷ್ಟು ದಿನ ಅವನ ದವಡೆ ಸುಮ್ಮನಿದ್ದದ್ದನ್ನು ಯಾರೂ ಕಾಣಲಿಲ್ಲ. ಬೆಳೆ ಸಂಶೋಧನಾ ಕೇಂದ್ರದ ಗೇಟು ದಾಟುವಾಗ ಬಾಯಿ ಆಡುತ್ತಿತ್ತು. ಹೊಲದಲ್ಲಿ ಗೂಟ ಬಡಿಯುವಾಗ ಆಡುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಡುವಾಗಲೂ ಆಡುತ್ತಿತ್ತು. ಬಾಯಲ್ಲಿ ಇರುತ್ತಿದ್ದದ್ದು ಹಸಿ ಗೋಧಿ ಕಾಳು, ಬೇರೇನೂ ಅಲ್ಲ. ಅದಕ್ಕೇ ಕೇಂದ್ರದಲ್ಲಿ ಎಲ್ಲರೂ ಅವನನ್ನು ಮೆಲುಕಯ್ಯ ಎನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

ಅದು ಚಟವಲ್ಲ, ಕೆಲಸ. ಮೂವತ್ತು ಕಾಳು ಎಣಿಸಿ ಬಾಯಿಗೆ ಹಾಕಬೇಕು. ನುಂಗಬಾರದು. ಅಗಿಯುತ್ತಾ ಹೋದರೆ ಮೊದಲು ಹಿಟ್ಟಾಗುತ್ತದೆ, ಆಮೇಲೆ ತವಡು ಬಿಟ್ಟುಕೊಳ್ಳುತ್ತದೆ. ತವಡನ್ನು ಉಗಿದರೆ ನಾಲಿಗೆಯ ಮೇಲೆ ಉಳಿಯುವುದು ಅಂಟು, ಬೆರಳ ತುದಿಯಷ್ಟು. ಅದನ್ನು ಎರಡು ಕೈಯಲ್ಲಿ ಹಿಡಿದು ಎಳೆಯಬೇಕು. ಒಳ್ಳೆಯ ಗೋಧಿಯಾದರೆ ಒಂದು ಗೇಣು ಬರುತ್ತದೆ, ಹರಿಯುವುದಿಲ್ಲ. ಅಂಥ ಗೋಧಿಯ ಹಿಟ್ಟು ಕೈಗೆ ಒಗ್ಗುತ್ತದೆ, ಬ್ರೆಡ್ಡು ಉಬ್ಬುತ್ತದೆ. ಬಿಸಿಲಿಗೆ ಬೆಂದ ಗೋಧಿಯಾದರೆ ಎರಡು ಬೆರಳಗಲಕ್ಕೇ ಪಟಕ್ಕನೆ ಹರಿದುಹೋಗುತ್ತದೆ. ಕೇಂದ್ರದ ಲ್ಯಾಬಿನಲ್ಲಿ ಇದನ್ನೇ ನೋಡಲು ಒಂದು ಮಷಿನ್ ಇತ್ತು. ಅದಕ್ಕೆ ಒಂದು ಗಂಟೆ ಬೇಕು. ಮೆಲುಕಯ್ಯನಿಗೆ ಐದು ನಿಮಿಷ ಸಾಕಿತ್ತು.

"ಮನೇಲಿ ಒಂದು ಮಾತು ಕೇಳಿದ್ರೆ ಹ್ಞೂಂ ಅನ್ನೋಕೂ ಬಾಯಿ ಖಾಲಿ ಇರಲ್ವಲ್ಲರೀ!" ಎಂದು ಹೆಂಡತಿ ಬೈಯುತ್ತಿದ್ದಳು.

ಅವನು ಕೈಯೆತ್ತಿ ತಾಳು ಎಂದು ಸನ್ನೆ ಮಾಡಿ, ಅಂಟನ್ನು ಹೊರತೆಗೆದು, ಅವಳ ಮೂಗಿನ ಮುಂದೆ ಎಳೆದು ತೋರಿಸುತ್ತಿದ್ದ. "ನೋಡು. ನಿನ್ ಮಾತಿಗಿಂತ ಉದ್ದ."

"ಥೂ! ಅದನ್ನ ಆಚೆ ಎಸೀರಿ ಮೊದಲು."

ಓದಿದ್ದು ಮೂರನೇ ಕ್ಲಾಸು. ಕೇಂದ್ರಕ್ಕೆ ಸೇರಿದಾಗ ಇಪ್ಪತ್ತೈದು ವರ್ಷ. ಮೊದಲು ಹಕ್ಕಿ ಓಡಿಸುವ ಕೆಲಸ, ಆಮೇಲೆ ಬಿತ್ತನೆ, ಆಮೇಲೆ ಗೂಟ. ಗೂಟದ ಕೆಲಸ ಸಣ್ಣದಲ್ಲ. ಹೊಲವನ್ನು ಐದು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲದ ತುಂಡುಗಳಾಗಿ ಒಡೆಯುತ್ತಾರೆ. ಆ ತುಂಡಿಗೆ ತಾಕು ಎನ್ನುತ್ತಾರೆ. ಒಂದೊಂದು ತಾಕಿಗೆ ಒಂದೊಂದು ಬೀಜ. ಯಾವ ತಾಕಿನಲ್ಲಿ ಯಾವ ಬೀಜ ಎಂದು ಹೇಳುವುದು ಅದರ ತಲೆಯ ಮೇಲೆ ನಿಂತ ನಂಬರಿನ ಗೂಟ. ಗೂಟ ಹೋದರೆ ಎಲ್ಲವೂ ಗೋಧಿ, ಅಷ್ಟೇ. ಹೊಸದಾಗಿ ಯಾರೇ ಕೆಲಸಕ್ಕೆ ಬಂದರೂ ಮೆಲುಕಯ್ಯ ಹೇಳುತ್ತಿದ್ದ ಮೊದಲ ಮಾತು ಒಂದೇ: "ಕಾಳು ಚೀಲ ಸೇರೋವರೆಗೂ ಗೂಟ ಮುಟ್ಟಿದ್ರೆ ಕೈ ಮುರೀತೀನಿ."

ಅವೇ ನಲವತ್ತು ಬಗೆಯ ಬೀಜವನ್ನು ಎರಡು ಹೊಲಗಳಲ್ಲಿ ಹಾಕುತ್ತಿದ್ದರು. ಒಂದರಲ್ಲಿ ಹೊತ್ತಿಗೆ ಸರಿಯಾಗಿ ಬಿತ್ತನೆ. ಇನ್ನೊಂದರಲ್ಲಿ ಬೇಕೆಂದೇ ಒಂದೂವರೆ ತಿಂಗಳು ತಡ. ತಡವಾಗಿ ಬಿತ್ತಿದ್ದಕ್ಕೆ ಕಾಳಿಗೆ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಬಿಸಿಗಾಳಿ ಬೀಸುತ್ತದೆ. ಅದಕ್ಕೆ ಬಿಸಿ ಹೊಲ ಎಂದೇ ಹೆಸರು. ಮೊದಮೊದಲು ಮೆಲುಕಯ್ಯನಿಗೆ ಇದು ಹುಚ್ಚಾಟವಾಗಿ ಕಂಡಿತ್ತು. ಆಗ ಬೀಜದ ಪ್ರಯೋಗ ನೋಡಿಕೊಳ್ಳುತ್ತಿದ್ದ ಹಳೇ ಸಾರ್ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಬಿಡಿಸಿ ಹೇಳಿದ್ದರು.

"ಬೇಸಿಗೆ ವರ್ಷದಿಂದ ವರ್ಷಕ್ಕೆ ಮುಂದೆ ಮುಂದೆ ಬರ್ತಾ ಇದೆ ಕಣಯ್ಯ. ಇವತ್ತು ನಾವು ಬೇಕಂತ ಸುಡ್ತಾ ಇದೀವಿ. ಇನ್ನು ಇಪ್ಪತ್ತು ವರ್ಷಕ್ಕೆ ಎಲ್ಲರ ಹೊಲಾನೂ ಹಿಂಗೇ ಇರ್ತದೆ. ಅವತ್ತಿಗೂ ಕಾಳು ತುಂಬೋ ಗೋಧಿ ಇವತ್ತೇ ಹುಡುಕಿ ಇಟ್ಟಿರಬೇಕು. ಕಾಳು ತುಂಬಿದ್ರೆ ಸಾಲದು, ಹಿಟ್ಟೂ ಹಿಟ್ಟಾಗಿರಬೇಕು."

ಅವತ್ತಿನಿಂದ ಬಿಸಿ ಹೊಲ ಅವನದಾಯಿತು.

ಕುಳ್ಳಿ ಹುಟ್ಟಿದ್ದು ಹಳೇ ಸಾರ್ ಕೈಯಲ್ಲಿ. ಅವರು ಚಿಮಟ ಹಿಡಿದು ಒಂದು ತೆನೆಯ ಗಂಡು ಕೇಸರವನ್ನೆಲ್ಲ ಕಿತ್ತು, ಇನ್ನೊಂದರ ಪರಾಗ ಉದುರಿಸಿದರು. ಮೆಲುಕಯ್ಯ ಅದಕ್ಕೆ ಕಾಗದದ ಟೊಪ್ಪಿಗೆ ಹಾಕಿ ಕಟ್ಟಿದ. ಹುಟ್ಟಿದ ಬೀಜ ನೋಡಲು ಚೆಂದವಿರಲಿಲ್ಲ. ಮೊಣಕಾಲ ಮೇಲೆ ಒಂದಿಷ್ಟು ಎತ್ತರ, ಗಿಡ್ಡ ತೆನೆ, ಬುಡದ ಗೆಣ್ಣಿನಲ್ಲಿ ಕೆಂಪು. ಕಾಲಿಗೆ ಬಣ್ಣ ಹಚ್ಚಿಕೊಂಡು ನಿಂತ ಹಾಗೆ. ಮೆಲುಕಯ್ಯನೇ ಕುಳ್ಳಿ ಎಂದು ಕರೆದ. ಅದರ ಜೊತೆಯ ಇನ್ನೊಂದು ಎದೆಯುದ್ದ ಬೆಳೆದು, ತೆನೆ ಬಾಗಿಸಿ ಓಲಾಡುತ್ತಿತ್ತು. ಅದನ್ನು ಶೋಕಿಲಾಲ ಎಂದ. ಬಿಸಿಗಾಳಿ ಬಂದ ವರ್ಷ ಶೋಕಿಲಾಲನ ತೆನೆ ಹಿಂಡಿದರೆ ಬರೀ ಹೊಟ್ಟು. ಕುಳ್ಳಿಯ ತೆನೆಯಲ್ಲಿ ಕಾಳು ಗಟ್ಟಿ, ಅಂಟು ಒಂದು ಗೇಣು.

ಒಂಬತ್ತು ವರ್ಷ ಹೀಗೇ ನಡೆಯಿತು. ಹಳೇ ಸಾರ್ ರಿಟೈರಾಗಿ ಹೋಗುವ ದಿನ ಅವನ ಭುಜ ತಟ್ಟಿ, "ಕುಳ್ಳಿ ಜೋಪಾನ" ಎಂದರು. ಮನೆಗೆ ಬಂದು ಅದನ್ನು ಹೆಂಡತಿಗೆ ಹೇಳುವಾಗ ಅವನ ಬಾಯಿ ಖಾಲಿ ಇತ್ತು. ಅವಳು ಅದನ್ನು ಗಮನಿಸಿದಳು.

ಅವರ ಜಾಗಕ್ಕೆ ಹೊಸ ಮೇಡಂ ಬಂದರು. ಮೆಲುಕಯ್ಯನ ಮಗಳ ವಯಸ್ಸು. ದಪ್ಪ ಕನ್ನಡಕ, ಚೂಪು ಮಾತು, ಕಂಕುಳಲ್ಲಿ ಸದಾ ಕಂಪ್ಯೂಟರ್. ಮೊದಲ ದಿನವೇ ಇವನ ದವಡೆ ನೋಡಿ ನಿಂತುಬಿಟ್ಟರು.

"ಯಜಮಾನ್ರೇ, ಏನ್ ತಿಂತಾ ಇದೀರಿ?"

"ಮೂವತ್ಮೂರನೇ ತಾಕು, ಮೇಡಂ."

"ಪ್ರಯೋಗದ ಕಾಳು ತಿಂತೀರಾ!"

"ತಿನ್ನಲ್ಲ, ಓದ್ತೀನಿ" ಎಂದು ತವಡು ಉಗಿದ. ಮೇಡಂ ನಗು ತಡೆಯಲು ಕನ್ನಡಕ ಒರೆಸಿಕೊಂಡರು.

ಮೇಡಂ ಕೆಟ್ಟವರಲ್ಲ. ಬಿಸಿಲಲ್ಲಿ ಇವನಿಗೆ ಸಮನಾಗಿ ನಿಲ್ಲುತ್ತಿದ್ದರು. ತೆನೆ ಎಣಿಸುವಾಗ ಗೂಟದ ನಂಬರು ನೋಡಿ ತಾವೇ ಬರೆದುಕೊಳ್ಳುತ್ತಿದ್ದರು. ಹೊಸದೆಂದರೆ ಅವರು ತರಿಸಿದ ಕಟಾವು ಮಷಿನ್. ಎರಡು ಹೆಜ್ಜೆ ಅಗಲ, ತಾಕಿಗೆ ಸರಿಯಾದ ಅಳತೆ. ಒಂದು ತಾಕು ಕೊಯ್ದು, ಕಾಳು ಬಿಡಿಸಿ, ಚೀಲಕ್ಕೆ ಸುರಿದು, ಮುಂದಿನ ತಾಕಿಗೆ ಹೋಗುತ್ತಿತ್ತು. ಅದನ್ನು ಓಡಿಸುವವನು ಟ್ರ್ಯಾಕ್ಟರ್ ಡ್ರೈವರ್. ಮೊದಲ ಹೊಲದಲ್ಲೇ ಮಷಿನ್ ಒಂದು ಗೂಟವನ್ನು ನುಂಗಿ ಎರಡು ಹಲ್ಲು ಮುರಿದುಕೊಂಡಿತು. ಡ್ರೈವರ್ ಒಂದು ಮಧ್ಯಾಹ್ನವೆಲ್ಲ ಅದರ ಹೊಟ್ಟೆಯಡಿ ಅಂಗಾತ ಮಲಗಿ ರಿಪೇರಿ ಮಾಡಿದ.

"ಏನಣ್ಣಾ ಇದು, ಗೂಟ ನೆಟ್ಟಿದ್ದೀಯೋ ಲೈಟ್ ಕಂಬ ನೆಟ್ಟಿದ್ದೀಯೋ?" ಎಂದು ಕೆಳಗಿನಿಂದಲೇ ಕೂಗಿದ. "ನಿನ್ ಹಲ್ಲು ಗಟ್ಟಿ ಅಂತ ಎಲ್ಲರ ಹಲ್ಲೂ ಗಟ್ಟಿ ಇರ್ತವಾ?"

ಆ ಮಾತು ಮೆಲುಕಯ್ಯನ ತಲೆಯಲ್ಲಿ ಕೂತಿತು.

ಬಿಸಿ ಹೊಲದ ಕಟಾವಿಗೆ ಎರಡು ದಿನ ಇರುವಾಗ ಮಗಳ ಊರಿನಿಂದ ಫೋನ್ ಬಂತು. ಹೆರಿಗೆಯಾಗಿದೆ, ಹೆಣ್ಣು ಮಗು, ತಾಯಿ ಮಗು ಆರಾಮ. ಹೆಂಡತಿ ಆಗಲೇ ಚೀಲ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೆಲುಕಯ್ಯ, "ಒಂದೇ ನಿಮಿಷ ತಾಳು" ಎಂದು ಹೊಲಕ್ಕೆ ಓಡಿದ. ಮಷಿನ್‌ಗೆ ದಾರಿ ಸಲೀಸಾಗಲಿ ಎಂದು ನಲವತ್ತು ಗೂಟವನ್ನೂ ಕಿತ್ತ. ನಂಬರಿನ ಪ್ರಕಾರ ಜೋಡಿಸಿ, ಕಟ್ಟು ಕಟ್ಟಿ, ಶೆಡ್ಡಿನ ಮೂಲೆಗೆ ಒರಗಿಸಿದ. ಇಪ್ಪತ್ಮೂರು ವರ್ಷದಿಂದ ಅದೇ ಹೊಲ, ಅದೇ ಜೋಡಣೆ, ಯಾರಿಗೆ ಗೊತ್ತಿಲ್ಲ? ಬೆನ್ನು ತಟ್ಟಿಕೊಳ್ಳುವಂಥ ಕೆಲಸ ಮಾಡಿದೆ ಅನ್ನಿಸಿತು. ಬಸ್ಸಿನಲ್ಲಿ ಅದನ್ನೇ ಹೆಂಡತಿಗೆ ಎರಡು ಸಲ ಹೇಳಿದ.

"ನಿಮಗೆ ಮೊಮ್ಮಗು ಹುಟ್ಟಿದೆ ರೀ. ಗೂಟ ಅಲ್ಲ" ಎಂದಳು.

ಎಂಟು ದಿನ ಮಗಳ ಮನೆಯಲ್ಲಿದ್ದ. ಮಗುವಿನ ಮುಷ್ಟಿಗೆ ಬೆರಳು ಕೊಟ್ಟು, "ಹಿಡಿತ ನೋಡು, ಒಳ್ಳೆ ಅಂಟು" ಎಂದ. ಮಗಳು ನಕ್ಕು ನಕ್ಕು ಹೊಲಿಗೆ ನೋಯುತ್ತದೆಂದು ಅತ್ತಳು.

ಒಂಬತ್ತನೇ ದಿನ ಬೆಳಿಗ್ಗೆ ಕೇಂದ್ರಕ್ಕೆ ಬಂದವನು ನೇರವಾಗಿ ಬೀಜದ ಕೋಣೆಗೆ ಹೋದ. ಉದ್ದನೆಯ ಕೋಣೆ, ಎರಡೂ ಕಡೆ ಕಬ್ಬಿಣದ ಕಪಾಟು. ಬಿಸಿ ಹೊಲದ ನಲವತ್ತು ಚೀಲ ನಂಬರಿನ ಚೀಟಿ ಕಟ್ಟಿಕೊಂಡು ಸಾಲಾಗಿ ಕೂತಿದ್ದವು. ಹನ್ನೆರಡನೆಯದು ಕುಳ್ಳಿ. ಬಹಳ ದಿನದ ಮೇಲೆ ಮನೆಯವರ ಮುಖ ನೋಡುವ ಹಾಗೆ ಚೀಲ ಬಿಚ್ಚಿ, ಮೂವತ್ತು ಕಾಳು ಎಣಿಸಿ ಬಾಯಿಗೆ ಹಾಕಿಕೊಂಡ.

ಎಳೆದರೆ ಎರಡು ಬೆರಳಗಲಕ್ಕೆ ಹರಿಯಿತು.

ತನ್ನ ಬಾಯಿಯೇ ಕೆಟ್ಟಿರಬೇಕೆಂದು ನೀರು ಮುಕ್ಕಳಿಸಿ ಮತ್ತೆ ಅಗಿದ. ಮತ್ತೆ ಹರಿಯಿತು. ಕಾಳನ್ನು ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿದ. ಉದ್ದ, ಬಡಕಲು, ಹೊಟ್ಟೆ ಒಳಗೆ ಹೋದದ್ದು. ಇದು ಕುಳ್ಳಿಯಲ್ಲ. ಎಂಥ ಬಿಸಿಲಿಗೆ ಹಾಕಿದರೂ ಕುಳ್ಳಿ ಹೀಗಾಗುವವಳಲ್ಲ.

ಮೇಡಂ ಕೋಣೆಗೆ ಹೋದರೆ ಗೋಡೆಯ ಮೇಲೆ ಆಗಲೇ ಪಟ್ಟಿ ಅಂಟಿಸಿತ್ತು. ನಲವತ್ತರಲ್ಲಿ ಹತ್ತು ಮುಂದಕ್ಕೆ, ಮೂವತ್ತು ಕಸಕ್ಕೆ. ಕಸಕ್ಕೆ ಹೋದದ್ದನ್ನು ಮುಂದಿನ ವರ್ಷ ಬಿತ್ತುವುದಿಲ್ಲ. ಹಳೆಯ ಬೀಜವನ್ನೂ ಇಟ್ಟುಕೊಳ್ಳುವುದಿಲ್ಲ, ಜಾಗವಿಲ್ಲ. ಹನ್ನೆರಡರ ಮೇಲೆ ಕೆಂಪು ಗೆರೆ. ಪಟ್ಟಿ ಅವತ್ತು ಸಂಜೆ ಕೇಂದ್ರದ ದೊಡ್ಡ ಸಾಹೇಬರ ಸಹಿಗೆ ಹೋಗುವುದಿತ್ತು. ಸಹಿ ಬಿದ್ದರೆ ಒಂಬತ್ತು ವರ್ಷದ ಕುಳ್ಳಿ ಇಲ್ಲ.

"ಮೇಡಂ, ಹನ್ನೆರಡನೇ ಚೀಲದಲ್ಲಿ ಇರೋದು ಕುಳ್ಳಿ ಅಲ್ಲ."

"ಮೊಮ್ಮಗು ಹೇಗಿದೆ ಯಜಮಾನ್ರೇ?"

"ಚೆನ್ನಾಗಿದೆ. ಕುಳ್ಳಿ ಅಲ್ಲ ಅದು."

ಮೇಡಂ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. "ನೋಡಿ. ತೂಕ ಕಡಿಮೆ. ಅಂಟೂ ಕಡಿಮೆ. ನನಗೂ ಬೇಜಾರೇ. ಆದ್ರೆ ಒಂದು ವರ್ಷ ಎಲ್ಲ ಬೀಜಾನೂ ಸೋಲ್ತದೆ."

"ಮಷಿನ್ ಸುಳ್ಳು ಹೇಳ್ತಿಲ್ಲ. ನನ್ನ ಹಲ್ಲೂ ಅದನ್ನೇ ಹೇಳ್ತು. ಚೀಟಿ ಸುಳ್ಳು ಹೇಳ್ತಿದೆ."

"ಮತ್ತೆ ಕುಳ್ಳಿ ಎಲ್ಲಿ ಹೋದ್ಳು? ನಿಮ್ಮ ಜೊತೆ ಹೆರಿಗೆ ನೋಡೋಕೆ ಬಂದಿದ್ಳಾ?"

"ಹುಡುಕಿ ಕೊಡ್ತೀನಿ" ಎಂದು ಮೆಲುಕಯ್ಯ ಬೀಜದ ಕೋಣೆಗೆ ವಾಪಸು ಬಂದ.

ಮೇಡಂ ಬಾಗಿಲಲ್ಲಿ ಬಂದು ನಿಂತರು. ಅವನು ಒಂದನೇ ಚೀಲದಿಂದ ಶುರು ಮಾಡಿದ. ಮೊದಲ ಹತ್ತು ಚೀಲ ಸರಿಯಾಗಿದ್ದವು, ಚೀಟಿ ಯಾರದೋ ಕಾಳೂ ಅವರದೇ. ಹನ್ನೊಂದರಿಂದ ಎಲ್ಲ ಅದಲುಬದಲು. ಹತ್ತೊಂಬತ್ತರಲ್ಲಿ ಕಾಳು ಗುಂಡಗೆ, ಬಣ್ಣ ಜೇನು. ಅಗಿದ. ಎಳೆದ. ಒಂದು ಗೇಣು ಬಂತು, ಅವನ ಕಣ್ಣಲ್ಲಿ ನೀರೂ ಬಂತು.

"ಸಿಕ್ಕಿದ್ಳು. ಇಲ್ಲಿ ಕೂತಿದಾಳೆ. ಹನ್ನೆರಡರಲ್ಲಿ ಶೋಕಿಲಾಲ ಕೂತಿದಾನೆ. ಅವನ ಜಾಗ ಇದು."

"ಹತ್ತೊಂಬತ್ತು ನನ್ನ ಪಟ್ಟೀಲಿ ಮೊದಲನೇದು!" ಎಂದರು ಮೇಡಂ. ಚೀಲದ ಚೀಟಿ ತಿರುಗಿಸಿ ನೋಡಿ, "ಬಾಯಲ್ಲಿ ಅಗಿದದ್ದನ್ನ ಹೆಂಗೆ ರಿಪೋರ್ಟಲ್ಲಿ ಬರೀಲಿ ಯಜಮಾನ್ರೇ? ಮೂವತ್ತು ಕಾಳಿನ ಮೇಲೆ ಪಟ್ಟಿ ಬದಲಾಯಿಸಿದ್ರೆ ದೊಡ್ಡ ಸಾಹೇಬ್ರು ನನ್ನನ್ನೇ ಅಗೀತಾರೆ. ಕಟಾವಿಗೆ ನಾನೇ ನಿಂತಿದ್ದೆ. ಒಂದೊಂದು ಚೀಲಕ್ಕೂ ನಾನೇ ಚೀಟಿ ಕಟ್ಟಿದ್ದೆ."

"ಯಾವ ಗೂಟ ನೋಡಿ ಕಟ್ಟಿದ್ರಿ?"

"ಗೂಟ ಎಲ್ಲಿತ್ತು? ಯಾರೋ ಕಿತ್ತಿಟ್ಟಿದ್ರು. ನನ್ನ ಕಂಪ್ಯೂಟರ್ ನಕ್ಷೆ ಇತ್ತಲ್ಲ, ಅದನ್ನ ನೋಡಿ ಕಟ್ಟಿದೆ."

ಮೆಲುಕಯ್ಯನ ದವಡೆ ನಿಂತಿತು.

ಸುಮ್ಮನಿರಬಹುದಿತ್ತು. ಯಾರು ಕಿತ್ತರು ಎಂದು ಯಾರಿಗೂ ಗೊತ್ತಿರಲಿಲ್ಲ. ಗೂಟ ಮುಟ್ಟಿದವನ ಕೈ ಮುರಿಯುತ್ತೇನೆ ಎಂದು ಇಪ್ಪತ್ಮೂರು ವರ್ಷ ಹೇಳಿಕೊಂಡು ಬಂದ ಬಾಯಿ ಅದು.

"ನಾನೇ ಕಿತ್ತೆ ಮೇಡಂ" ಎಂದ. "ಮಷಿನ್ ಹಲ್ಲು ಮುರೀಬಾರದು ಅಂತ. ಹಾಕಿರೋ ಕ್ರಮ ಎಲ್ಲರಿಗೂ ಗೊತ್ತು ಅಂದ್ಕೊಂಡೆ."

"ಏನ್ ಕ್ರಮ? ಒಂದರಿಂದ ಹತ್ತು, ಅದರ ಹಿಂದೆ ಹನ್ನೊಂದರಿಂದ ಇಪ್ಪತ್ತು. ಎಲ್ಲ ಎಡದಿಂದ ಬಲಕ್ಕೆ. ಅಷ್ಟೇ ಅಲ್ವಾ?"

ಉತ್ತರ ಕೊಡುವ ಮೊದಲೇ ಕಿಟಕಿಯಾಚೆ ಟ್ರ್ಯಾಕ್ಟರ್ ಸದ್ದು ಕೇಳಿಸಿತು. ಬಿಸಿ ಹೊಲದ ಕಡೆಯಿಂದ.

"ಉಳೋಕೆ ಹೇಳಿದ್ರಾ?"

"ಇವತ್ತೇ ಹೇಳಿದ್ದೆ."

ಮೆಲುಕಯ್ಯ ಚಪ್ಪಲಿ ಬಿಟ್ಟು ಓಡಿದ. ನಲವತ್ತೆಂಟು ವರ್ಷದ ಆಳು, ಮೊಣಕಾಲು ನೋವು ಬೇರೆ. ಬದುವಿನ ಮೇಲೆ ಮುಗ್ಗರಿಸಿ ಎದ್ದು ಮತ್ತೆ ಓಡಿದ. ಹಿಂದೆ ಮೇಡಂ, ಕನ್ನಡಕ ಒಂದು ಕೈಯಲ್ಲಿ, ಕಂಪ್ಯೂಟರ್ ಇನ್ನೊಂದರಲ್ಲಿ. ಡ್ರೈವರ್ ಆಚೆ ತುದಿಯಿಂದ ಉಳುತ್ತಾ ಬಂದು ನಾಲ್ಕನೇ ಸಾಲು, ಮೂರನೇ ಸಾಲು ಮುಗಿಸಿ, ಎರಡನೆಯದಕ್ಕೆ ತಿರುಗಿಸುತ್ತಿದ್ದ. ಮೆಲುಕಯ್ಯ ಎರಡೂ ಕೈ ಚಾಚಿ ಟ್ರ್ಯಾಕ್ಟರ್ ಮುಂದೆ ನಿಂತ.

"ಏಯ್ ಅಣ್ಣಾ! ಸಾಯೋಕೆ ಬೇರೆ ಗಾಡಿ ಸಿಗಲಿಲ್ವಾ ನಿನಗೆ?"

"ಆರಿಸೋ! ಆರಿಸೋ ತಮ್ಮಾ!"

ಸದ್ದು ನಿಂತಿತು. ಮೇಡಂ ಏದುಸಿರು ಬಿಡುತ್ತಾ ಬಂದರು. ಮೆಲುಕಯ್ಯ ಸೊಂಟದ ಮೇಲೆ ಕೈಯಿಟ್ಟು ಉಸಿರು ಹಿಡಿದು, ಡ್ರೈವರನ್ನು ಕೇಳಿದ.

"ಲೋ, ಒಂದು ಸಾಲು ಉತ್ತು ತುದಿ ಮುಟ್ಟಿದ ಮೇಲೆ ನೀನ್ ಏನ್ ಮಾಡ್ತೀಯ?"

"ತಿರುಗಿಸ್ತೀನಿ. ಇನ್ನೇನ್ ಮಾಡ್ಲಿ?"

"ತಿರುಗಿಸಿ ಇತ್ಲಾಗಿಂದಾನೇ ಶುರು ಮಾಡ್ತೀಯೋ, ಇಲ್ಲ ಖಾಲಿ ಗಾಡಿ ಆ ತುದಿಗೆ ಹೊಡ್ಕೊಂಡು ಹೋಗಿ ಅಲ್ಲಿಂದ ಶುರು ಮಾಡ್ತೀಯೋ?"

"ನನಗೇನ್ ಹುಚ್ಚಾ? ಇತ್ಲಾಗಿಂದಾನೇ."

"ಬಿತ್ತೋನೂ ಹಂಗೇ ಮೇಡಂ" ಎಂದ ಮೆಲುಕಯ್ಯ. "ಮೊದಲ ಸಾಲು ಎಡದಿಂದ ಬಲಕ್ಕೆ ಬಿತ್ಕೊಂಡು ಹೋಗ್ತೀನಿ. ಹತ್ತಾಯ್ತು. ತಿರುಗ್ತೀನಿ. ಹನ್ನೊಂದು ಅಲ್ಲೇ ಹಿಂದೆ ಬಲ ತುದೀಲಿ. ಅಲ್ಲಿಂದ ಎಡಕ್ಕೆ ವಾಪಸು ಬರ್ತೀನಿ. ನೀವು ಪುಸ್ತಕ ಓದೋ ಹಂಗೆ ಓದಿದ್ರಿ. ನಾನು ಎತ್ತು ನಡೆಯೋ ಹಂಗೆ ಬಿತ್ತಿದ್ದೆ."

ಮೇಡಂ ಉತ್ತ ಸಾಲನ್ನು ನೋಡಿದರು, ಉಳದ ಸಾಲನ್ನು ನೋಡಿದರು. ಬೆರಳು ಮಡಚಿ ಎಣಿಸಿದರು. "ಹಾಗಾದ್ರೆ ನನ್ನ ಹನ್ನೆರಡು ನಿಮ್ಮ ಹತ್ತೊಂಬತ್ತು."

"ಹ್ಞೂಂ. ಬಾಯಿ ಮಾತು ನಂಬಬೇಡಿ. ಕುಳ್ಳಿ ಕಾಲು ಕೆಂಪು ಅಂತ ನೀವೇ ಬರ್ಕೊಂಡಿದ್ರಿ, ಗೂಟ ಇದ್ದಾಗ. ಕೊಯ್ದ ಬುಡದ ಕೂಳೆ ಇನ್ನೂ ಇದೆ. ನೋಡ್ಕೊಳ್ಳಿ."

ಮೇಡಂ ಕಂಪ್ಯೂಟರ್ ತೆರೆದು ನೋಡಿದರು. ಹನ್ನೆರಡು: ಗಿಡ್ಡ, ಬುಡ ಕೆಂಪು. ನಲವತ್ತರಲ್ಲಿ ಅದೊಂದೇ. ಎರಡನೇ ಸಾಲಿನಲ್ಲಿ ಎಡದಿಂದ ಎರಡನೇ ತಾಕಿಗೆ ಹೋಗಿ ಮಂಡಿಯೂರಿ ಕೂಳೆ ಬಿಡಿಸಿದರು. ಹಳದಿ. ಬರೀ ಹಳದಿ. ಎದ್ದು ಅದೇ ಸಾಲಿನಲ್ಲಿ ಬಲದಿಂದ ಎರಡನೇ ತಾಕಿಗೆ ಹೋದರು. ಮೆಲುಕಯ್ಯ ಅಲ್ಲಾಡದೆ ನಿಂತಿದ್ದ. ಟ್ರ್ಯಾಕ್ಟರಿನ ಮುಂದಿನ ಗಾಲಿ ಆ ತಾಕಿನ ಅಂಚಿಗೆ ಒಂದು ಮೊಳ ದೂರದಲ್ಲಿತ್ತು. ಮೇಡಂ ಬಗ್ಗಿ ಒಂದು ಕೂಳೆ ಕಿತ್ತು, ಮಣ್ಣು ಒರೆಸಿ, ಮೇಲೆತ್ತಿ ಹಿಡಿದರು. ಕೆಂಪು. ಬಣ್ಣ ಹಚ್ಚಿಕೊಂಡ ಕಾಲು.

"ಅಯ್ಯೋ, ನಾನೆಂಥ ದಡ್ಡಿ!" ಎಂದರು.

"ಹಂಗೆ ನೋಡಿದ್ರೆ ಗೂಟ ಕಿತ್ತೋನು ದೊಡ್ಡ ದಡ್ಡ."

"ಗೂಟ ಇಲ್ದೆ ಕೊಯ್ಸಿದ್ದು ಯಾರು? ನಾನೇ."

"ಇಬ್ರೂ ಜಗಳ ಆಡ್ಬೇಡಿ" ಎಂದ ಡ್ರೈವರ್ ಮೇಲಿಂದ. "ಮಷಿನ್ ಹಲ್ಲು ಮುರಿದಾಗ ಬಾಯಿ ಮಾಡಿದ್ದು ನಾನು. ನನಗೂ ಒಂದು ಪಾಲು ಇರಲಿ."

ಮೆಲುಕಯ್ಯ ಜೇಬಿನಿಂದ ಹತ್ತೊಂಬತ್ತನೇ ಚೀಲದ ಕಾಳು ತೆಗೆದು ಇಬ್ಬರ ಅಂಗೈಗೂ ಮೂವತ್ತು ಮೂವತ್ತು ಎಣಿಸಿದ. ಮೂವರೂ ಬದುವಿನ ಮೇಲೆ ಕೂತು ಅಗಿದರು. ಡ್ರೈವರನ ಅಂಟು ಹಲ್ಲಿನ ಸಂದಿಗೆ ಸಿಕ್ಕಿಕೊಂಡು ಬೈಗುಳ ಬಾಯಲ್ಲೇ ಉಳಿಯಿತು. ಮೇಡಂ ಮೊದಲ ಸಲ ನುಂಗಿಬಿಟ್ಟರು.

"ಪ್ರಯೋಗದ ಕಾಳು ತಿಂದ್ರಲ್ಲ ಮೇಡಂ!" ಎಂದ ಮೆಲುಕಯ್ಯ. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೇ ಸಲ ಸರಿಯಾಗಿ ಅಗಿದು ಎಳೆದರು. ಅವರದೂ ಒಂದು ಗೇಣು ಬಂತು.

ಸಂಜೆ ಪಟ್ಟಿ ಹೋಗಲಿಲ್ಲ. ಎರಡನೇ ಸಾಲಿನ ಚೀಟಿಗಳನ್ನೂ ನಾಲ್ಕನೇ ಸಾಲಿನ ಚೀಟಿಗಳನ್ನೂ ಬಿಚ್ಚಿ ತಿರುಗಿಸಿ ಕಟ್ಟಿದರು. ಮೂರು ದಿನದ ಮೇಲೆ ಹೋದ ಹೊಸ ಪಟ್ಟಿಯಲ್ಲಿ ಕುಳ್ಳಿ ಮೊದಲನೆಯವಳು. ಶೋಕಿಲಾಲನ ಮೇಲೆ ಕೆಂಪು ಗೆರೆ. ದೊಡ್ಡ ಸಾಹೇಬರು ಮೇಡಂ ಅವರನ್ನೂ ಮೆಲುಕಯ್ಯನನ್ನೂ ಒಟ್ಟಿಗೆ ನಿಲ್ಲಿಸಿ ಬೈದರು. ಮುಂದಿನ ಬಿತ್ತನೆಗೆ ಪ್ರತಿ ಸಾಲಿನ ಮೊದಲ ಗೂಟದ ಮೇಲೆ ಮೇಡಂ ತಮ್ಮ ಕೈಯಿಂದಲೇ ಬಾಣದ ಗುರುತು ಬರೆದರು. ಒಂದು ಈ ಕಡೆಗೆ, ಒಂದು ಆ ಕಡೆಗೆ.

ಮನೆಯಲ್ಲಿ ಇದನ್ನೆಲ್ಲ ಕೇಳಿ ಹೆಂಡತಿ ಅಂದಳು, "ಬಸ್ಸಲ್ಲಿ ಎರಡು ಸಲ ಹೊಗಳ್ಕೊಂಡ್ರಲ್ಲ, ಆ ಗೂಟಾನಾ ಇದು?"

ಅವನು ಅಗಿಯುತ್ತಾ ಹೌದೆಂದು ತಲೆಯಾಡಿಸಿದ.

ಕುಳ್ಳಿ ಮುಂದೆ ಬೇರೆ ಬೇರೆ ಕಡೆಯ ಹೊಲಗಳಿಗೆ ಹೋದಳು. ಮೂರು ಬೇಸಿಗೆ ಗೆದ್ದಳು. ಮೊದಲ ಎರಡನ್ನು ಮೆಲುಕಯ್ಯ ನೋಡಿದ. ಮೂರನೆಯದಕ್ಕೆ ಅವನಿರಲಿಲ್ಲ. ಎದೆ ನೋವು ಎಂದ, ಕೂತ, ಅಷ್ಟೇ. ಅಂಗಿ ಒಗೆಯಲು ತೆಗೆದರೆ ಜೇಬಿನಲ್ಲಿ ಕಾಳಿದ್ದವು. ಹೆಂಡತಿ ಆ ಅಂಗಿಯನ್ನು ಒಗೆಯಲಿಲ್ಲ.

ರೈತರಿಗೆ ಕುಳ್ಳಿಯ ಬೀಜ ಕೊಡುವ ವರ್ಷ ಮೇಡಂ ಮನೆಗೆ ಬಂದರು. ಹಿಂದೆ ಡ್ರೈವರ್, ಹೆಗಲ ಮೇಲೆ ಒಂದು ಚೀಲ. ಚೀಲದ ಮೇಲೆ ಕೇಂದ್ರದವರು ಅಚ್ಚು ಹಾಕಿಸಿದ ಉದ್ದನೆಯ ನಂಬರು. ಅದರ ಕೆಳಗೆ ಮೇಡಂ ಪೆನ್ನಿನಲ್ಲಿ 'ಕುಳ್ಳಿ' ಎಂದು ಬರೆದಿದ್ದರು.

"ಮೊದಲ ಚೀಲ ಅಮ್ಮ. ಇದು ಇಲ್ಲಿಗೇ ಬರಬೇಕಿತ್ತು."

"ಬನ್ನಿ, ಕೂತ್ಕೊಳ್ಳಿ" ಎಂದಳು ಹೆಂಡತಿ. ಚೀಲದ ಬಾಯಿ ಬಿಚ್ಚಿದಳು. ಮೂವತ್ತು ಎಣಿಸಿದಳು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬೈದಿದ್ದಳು, ಒಂದು ದಿನವೂ ತಾನು ಅಗಿದು ನೋಡಿರಲಿಲ್ಲ.

"ನುಂಗ್ಬೇಡಿ ಅಕ್ಕಾ, ಮೇಡಂ ನುಂಗಿಬಿಟ್ಟಿದ್ರು" ಎಂದ ಡ್ರೈವರ್.

"ನಿನ್ ಹಲ್ಲು ಜೋಪಾನ ಮಾಡ್ಕೋ ಹೋಗು" ಎಂದಳು. ಎಡಗಡೆ ದವಡೆ ಹಲ್ಲು ಅವಳಿಗೆ ಇರಲಿಲ್ಲ. ಬಲಗಡೆಯಿಂದ ಅಗಿದಳು. ಮೊದಲು ಹಿಟ್ಟಾಯಿತು. ತವಡು ಬಿಟ್ಟುಕೊಂಡಿತು. ಅಂಗಳಕ್ಕೆ ಹೋಗಿ ಉಗಿದು ಬಂದಳು. ಉಳಿದದ್ದನ್ನು ಎರಡು ಕೈಯಲ್ಲಿ ಹಿಡಿದು ಎಳೆದಳು. ಬಂತು, ಬಂತು, ಇನ್ನೂ ಬಂತು.

"ನನ್ ಮಾತಿಗಿಂತ ಉದ್ದನೇ ಇದೆ" ಎಂದಳು.

ಮೇಡಂಗೆ ಅರ್ಥವಾಗಲಿಲ್ಲ. ಅವಳು ಹೇಳಲೂ ಇಲ್ಲ. ಅವರಿಬ್ಬರೂ ಗೇಟು ದಾಟಿ ಹೋದ ಮೇಲೆ ಚೀಲದಿಂದ ಇನ್ನೂ ಮೂವತ್ತು ಎಣಿಸಿಕೊಂಡು ಮೆಟ್ಟಿಲ ಮೇಲೆ ಕೂತಳು.